ವರ್ಗ: ಮುಸುರೆ

ವಿನೋಬನಗರದ ಆ ಬಾಡಿಗೆ ಮನೆಯ ಫ್ರಿಜ್ಜಿನ ಬಾಗಿಲು ಕೈಯಿಂದ ತಳ್ಳಿದರೆ ಮುಚ್ಚುತ್ತಿರಲಿಲ್ಲ, ಮೊಣಕಾಲು ಕೊಟ್ಟು ಒತ್ತಬೇಕಿತ್ತು. ಕೆಳಗಿನ ಮನೆಯ ಓನರ್ ಆಂಟಿ ಹೊಸ ಫ್ರಿಜ್ ತಂದಾಗ ಹಳೆಯದನ್ನು ಗುಜರಿಗೆ ಹಾಕುವ ಬದಲು ಮಹಡಿಯ ಮೇಲಿನ ನಮಗೆ ದಾನ ಮಾಡಿದ್ದರು, ದಾನ ಮಾಡಿದ್ದನ್ನು ಆಗಾಗ ನೆನಪಿಸುತ್ತಲೂ ಇದ್ದರು. ಮಹಡಿಯ ಮೇಲೆ ನಾವು ಮೂವರು ಹುಡುಗಿಯರು. ಒಂದೇ ಇಂಜಿನಿಯರಿಂಗ್ ಕಾಲೇಜು, ಒಂದೇ ತರಗತಿ. ಒಬ್ಬಳು ಹೊಳೆಹೊನ್ನೂರಿನವಳು, ಪೌರೋಹಿತ್ಯ ಮಾಡುವವರ ಮಗಳು. ಇನ್ನೊಬ್ಬಳು ಕುಂಸಿಯವಳು, ಹೊಲ ಮತ್ತು ಎಮ್ಮೆಗಳ ಮನೆಯಿಂದ ಬಂದವಳು. ಮೂರನೆಯವಳು ನಾನು, ಭದ್ರಾವತಿಯ ಓಲ್ಡ್ ಟೌನಿನವಳು. ಹೆಸರು ಬೇಡ. ಹೆಸರು ಹೇಳಿದರೆ ಓದುವವರ ಸಿಟ್ಟೆಲ್ಲ ಒಬ್ಬಳ ತಲೆಗೆ ಬಂದು ನಿಲ್ಲುತ್ತದೆ, ನನ್ನ ಸಿಟ್ಟಿಗೆ ಅಷ್ಟು ಸಣ್ಣ ಜಾಗ ಸಾಲದು.

ವಾರದ ದಿನಗಳಲ್ಲಿ ನಾವು ಅನ್ನ ಬೇಯಿಸಿಕೊಂಡರೆ ಅದೇ ದೊಡ್ಡದು. ಉಳಿದದ್ದೆಲ್ಲ ಊರಿಂದ ಬರುವ ಬುತ್ತಿಯ ಮೇಲೆ ನಡೆಯುತ್ತಿತ್ತು. ಹೊಳೆಹೊನ್ನೂರಿನಿಂದ ಗೊಜ್ಜು, ಮೆಂತ್ಯದ ಹಿಟ್ಟು, ಗಟ್ಟಿ ಮೊಸರು. ಕುಂಸಿಯಿಂದ ಬೆಣ್ಣೆ, ಕಾಳಿನ ಪಲ್ಯ, ರೊಟ್ಟಿ. ನಮ್ಮಮ್ಮ ಭಾನುವಾರ ಬೇಗ ಎದ್ದು ಹುಳಿಯನ್ನ ಕಲಸಿ, ಸೊಪ್ಪಿನ ಸಾರು ಕುದಿಸಿ, ಮೊಟ್ಟೆ ಕೊಳಂಬು ಮಾಡಿ, ಸ್ಟೀಲ್ ಡಬ್ಬಿಗಳ ಮುಚ್ಚಳಕ್ಕೆ ದಾರ ಕಟ್ಟಿ, ಪರಿಚಯದ ಕಂಡಕ್ಟರ್ ಕೈಗೆ ಚೀಲ ಕೊಡುತ್ತಿದ್ದಳು. ನಾನು ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಕಾದು ಇಳಿಸಿಕೊಳ್ಳುತ್ತಿದ್ದೆ. ಕೊಳಂಬು ಎಂದರೆ ಹುಣಸೆಹುಳಿ, ಸಣ್ಣ ಈರುಳ್ಳಿ, ತೆಂಗಿನಕಾಯಿ ಹಾಕಿದ ಗಟ್ಟಿ ಸಾರು. ಕಾರ್ಖಾನೆಯ ಕೆಲಸಕ್ಕೆಂದು ಬಂದು ನಮ್ಮ ಪಕ್ಕದಲ್ಲೇ ನೆಲೆಸಿದ ತಮಿಳು ಅಕ್ಕನಿಂದ ಅಮ್ಮ ಕಲಿತದ್ದು. ಈಗ ತನ್ನದಕ್ಕಿಂತ ಅಮ್ಮನ ಕೈಯದೇ ರುಚಿ ಎಂದು ಆ ಅಕ್ಕನೇ ಒಪ್ಪಿಕೊಂಡಿದ್ದಾಳೆ.

ಈ ಕೊಳಂಬಿನ ಡಬ್ಬಿಗೆ ಮಾತ್ರ ನಾನು ಪ್ಲಾಸ್ಟಿಕ್ ಕವರ್ ಮೇಲೆ ಕವರ್ ಸುತ್ತಿ ಫ್ರಿಜ್ಜಿನ ಕೆಳಗಿನ ಶೆಲ್ಫಿನ ಮೂಲೆಯಲ್ಲಿ ಇಡುತ್ತಿದ್ದೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಹೊಳೆಹೊನ್ನೂರಿನವಳು ಮೊದಲ ಸಲ ಅದರೊಳಗಿನ ಮೊಟ್ಟೆ ಕಂಡಾಗ ಏನೂ ಅನ್ನದೆ ತನ್ನ ಮೊಸರಿನ ಪಾತ್ರೆಯನ್ನು ಮೇಲಕ್ಕೆ ಸರಿಸಿದಳು. ಕಾಲು ಕೆರೆದು ಜಗಳಕ್ಕೆ ನಿಲ್ಲುವ ನಾನೂ ಅವತ್ತು ಏನೂ ಅನ್ನದೆ ಕವರ್ ಹುಡುಕಿದೆ. ಹುಡುಗಿ ಒಳ್ಳೆಯವಳು. ಜ್ವರ ಬಂದಾಗ ನನಗೆ ಗಂಜಿ ಕಾಯಿಸಿ ಕೊಟ್ಟವಳು, ಪರೀಕ್ಷೆಯ ಹಿಂದಿನ ದಿನ ತಾನು ಓದುವುದು ಬಿಟ್ಟು ನನಗೆ ಲೆಕ್ಕ ಹೇಳಿಕೊಟ್ಟವಳು. ಒಳ್ಳೆಯವರ ಹತ್ತಿರ ಬಾಯಿ ಬಿಡುವುದು ಕಷ್ಟ, ಅದೇ ತಾಪತ್ರಯ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ಗೈಡ್ ಆಗಿದ್ದ ಸರ್, "ಸಮಾಜಕ್ಕೆ ಉಪಯೋಗ ಆಗೋದು ಏನಾದ್ರೂ ಮಾಡ್ರಮ್ಮಾ" ಎಂದರು. ಎಲ್ಲ ಗುಂಪುಗಳಿಗೂ ಎಲ್ಲ ವರ್ಷವೂ ಅವರು ಹೇಳುತ್ತಿದ್ದದ್ದು ಅದೊಂದೇ ಮಾತು. ಅದೇ ವಾರ ನಮ್ಮ ಫ್ರಿಜ್ಜಿನಲ್ಲಿ ಹಿಂದೆ ಸರಿದು ಮರೆತುಹೋಗಿದ್ದ ಹಾಗಲಕಾಯಿ ಗೊಜ್ಜೊಂದು ಬೂಷ್ಟು ಹಿಡಿದು, ಅದರ ವಾಸನೆ ಮೆಟ್ಟಿಲಿಳಿದು ಹೋಗಿ, ಓನರ್ ಆಂಟಿ ಮೂಗಿಗೆ ಸೆರಗು ಹಿಡಿದು ಮಹಡಿ ಹತ್ತಿ ಬಂದು ನಮಗೆ ಸರಿಯಾಗಿ ಮಂಗಳಾರತಿ ಮಾಡಿದ್ದರು. ಬೈಗುಳ ತಿಂದ ಮೇಲೆ ಮೂವರೂ ಕೂತು ಫ್ರಿಜ್ ಒರೆಸುವಾಗ ನನಗೆ ಹೊಳೆಯಿತು. ಓದುವ ಮಕ್ಕಳ ಫ್ರಿಜ್ಜಿನಲ್ಲಿ ಯಾವ ಡಬ್ಬಿ ಯಾರದು, ಎಂದು ಬಂದದ್ದು, ಎಷ್ಟು ದಿನ ತಡೆಯುತ್ತದೆ, ಯಾವುದನ್ನು ಮೊದಲು ತಿಂದು ಮುಗಿಸಬೇಕು ಎಂದು ಫೋನೇ ನೆನಪಿಸಿದರೆ ಹೇಗೆ? ಸರ್ ಒಪ್ಪಿದರು. ಆ್ಯಪ್‌ಗೆ 'ಬುತ್ತಿ' ಎಂದು ಹೆಸರಿಟ್ಟದ್ದೂ ನಾನೇ.

ಕೆಲಸ ಹಂಚಿಕೊಂಡೆವು. ಪರದೆಯ ಮೇಲೆ ಏನು ಎಲ್ಲಿ ಕಾಣಬೇಕು, ಯಾವ ಬಣ್ಣ, ಯಾವ ಮಾತು ಎನ್ನುವ ವಿನ್ಯಾಸ ನನ್ನದು. ಕೋಡ್ ಬರೆಯುವುದು ಕುಂಸಿಯವಳದು. ಯಾವ ತಿನಿಸು ಯಾವ ಗುಂಪಿಗೆ ಸೇರಿದ್ದು, ಫ್ರಿಜ್ಜಿನಲ್ಲಿ ಎಲ್ಲಿ ಇಡಬೇಕು, ಎಷ್ಟು ದಿನ ಇರುತ್ತದೆ ಎಂಬ ಮಾಹಿತಿ ಕೂಡಿಸುವುದು ಹೊಳೆಹೊನ್ನೂರಿನವಳದು. ಅವಳು ದಿನಾ ಸಂಜೆ ತಾಯಿಗೆ ಫೋನ್ ಮಾಡಿ ಗೊಜ್ಜು ಎಷ್ಟು ದಿನ, ಹುಳಿ ಎಷ್ಟು ದಿನ, ಪಾಯಸ ಎಷ್ಟು ದಿನ ಎಂದು ಕೇಳಿ ಕೇಳಿ ತುಂಬಿಸಿದಳು. ಶ್ರದ್ಧೆಯಿಂದ ಮಾಡಿದಳು ಎನ್ನುವುದನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ಆ್ಯಪ್ ಕನ್ನಡದಲ್ಲೇ ಇರಬೇಕೆಂದು ಹಟ ಹಿಡಿದವಳೂ ನಾನು. "ಜಡ್ಜ್‌ಗಳು ಹೊರಗಿಂದ ಬರ್ತಾರೆ, ಇಂಗ್ಲಿಷಲ್ಲಿ ಮಾಡಿ" ಎಂದು ಸರ್ ಹೇಳಿದರೆ, ಬುತ್ತಿ ಕಟ್ಟುವವರು ಇಂಗ್ಲಿಷ್ ಓದುವುದಿಲ್ಲ ಎಂದು ವಾದ ಮಾಡಿದೆ. ಯಾಕೆಂದರೆ ನಾನು ಅದರಲ್ಲಿ ಒಂದು ವಿಶೇಷ ಇಟ್ಟಿದ್ದೆ. ನಾವು ಡಬ್ಬಿಯನ್ನು ಫ್ರಿಜ್ಜಿನಲ್ಲಿ ಇಟ್ಟು ಆ್ಯಪ್‌ನಲ್ಲಿ ನಮೂದಿಸಿದ ಕೂಡಲೇ ಅದನ್ನು ಕಳಿಸಿದ ಮನೆಗೊಂದು ಮೆಸೇಜ್ ಹೋಗಬೇಕು. ಅಮ್ಮ ಪ್ರತಿ ಭಾನುವಾರ ಫೋನ್ ಮಾಡಿ "ಸಿಕ್ತಾ? ಚೆಲ್ಲಿರ್ಲಿಲ್ಲ ತಾನೆ? ಫ್ರಿಜ್ಜಲ್ಲಿಟ್ಯಾ?" ಎಂದು ಕೇಳುತ್ತಿದ್ದಳು. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ, ತುಟಿಯಲ್ಲಿ ಉಚ್ಚರಿಸುತ್ತ ಕನ್ನಡ ಓದುತ್ತಾಳೆ. ತನ್ನ ಬುತ್ತಿ ಜೋಪಾನವಾಗಿದೆ ಎಂದು ಅವಳೇ ಓದಿಕೊಳ್ಳಲಿ ಎಂಬ ಆಸೆ ನನ್ನದು. ಪ್ರಾಜೆಕ್ಟಿನ ಕಾಗದಗಳಲ್ಲಿ ಬೇರೆ ಏನೇನೋ ಉದ್ದೇಶ ಬರೆದೆವು. ನನ್ನ ಉದ್ದೇಶ ಅದಿಷ್ಟೇ ಆಗಿತ್ತು.

ಮೊದಲ ಪರೀಕ್ಷೆಗೆ ಒಂದು ಭಾನುವಾರ ನಿಗದಿ ಮಾಡಿದೆವು. ಅಮ್ಮನ ನಂಬರನ್ನೇ ಹಾಕಿದೆ. ಬಸ್ ಸ್ಟ್ಯಾಂಡಿನಿಂದ ಚೀಲ ತಂದು, ಹುಳಿಯನ್ನದ ಡಬ್ಬಿಯ ಫೋಟೋ ತೆಗೆದು, ಆ್ಯಪ್‌ನಲ್ಲಿ ಹುಳಿಯನ್ನ ಎಂದು ಆರಿಸಿ ಒತ್ತಿದೆ. ಕುಂಸಿಯವಳು ಅಲ್ಲಿಯವರೆಗೆ ಒಂದನೇ ಗುಂಪು, ಎರಡನೇ ಗುಂಪು ಎಂದು ಅಂಕಿ ಹಾಕಿಕೊಂಡೇ ಕೋಡ್ ಬರೆದಿದ್ದಳು. ಗುಂಪಿನ ಹೆಸರುಗಳನ್ನು ಹೊಳೆಹೊನ್ನೂರಿನವಳ ಮಾಹಿತಿಯಿಂದ ಅವತ್ತೇ ಎಳೆದುಕೊಂಡಿದ್ದು. ಹಾಗಾಗಿ ಪರದೆಯ ಮೇಲೆ ಬಂದದ್ದನ್ನು ನಾವು ಮೂವರೂ ಒಟ್ಟಿಗೇ ನೋಡಿದೆವು, ನನ್ನ ಅಚ್ಚುಕಟ್ಟಾದ ಹಸಿರು ಚೌಕದೊಳಗೆ, ನಾನೇ ಆರಿಸಿದ ದುಂಡು ಅಕ್ಷರಗಳಲ್ಲಿ:

ನಿಮ್ಮ ಬುತ್ತಿ ತಲುಪಿದೆ. ವರ್ಗ: ಮುಸುರೆ. ಸ್ಥಳ: ಕೆಳಗಿನ ಶೆಲ್ಫ್.

ಕುಂಸಿಯವಳು ಕಿಸಕ್ಕೆಂದು ನಕ್ಕುಬಿಟ್ಟಳು. "ಏ ಮಾರಾಯ್ತಿ, ನಿಮ್ಮಮ್ಮನ ಬುತ್ತಿ ಎಮ್ಮೆಗಂತೆ ಕಣೇ!" ಅವರ ಮನೆಯಲ್ಲಿ ಮುಸುರೆ ಎಂದರೆ ಅಕ್ಕಿ ತೊಳೆದ ನೀರು, ತಟ್ಟೆಯಲ್ಲಿ ಮಿಕ್ಕಿದ್ದು, ಬಸಿದ ಗಂಜಿ ಎಲ್ಲ ಸೇರಿಸಿ ಎಮ್ಮೆಗೆ ಇಡುವ ಬಾನಿ. ಅವಳಿಗೆ ಅದು ನಗುವ ಮಾತು. ಹೊಳೆಹೊನ್ನೂರಿನವಳು ನಗಲಿಲ್ಲ, ಇಬ್ಬರನ್ನೂ ಪಿಳಿಪಿಳಿ ನೋಡಿದಳು. ಅವಳ ಮನೆಯಲ್ಲಿ ಮುಸುರೆ ಎಂದರೆ ಬೇಯಿಸಿದ ಅನ್ನ, ಅನ್ನದ ಜೊತೆಯ ಅಡುಗೆ. ಅದನ್ನು ಮುಟ್ಟಿದ ಕೈಯಲ್ಲಿ ಹಾಲು, ಮೊಸರು, ತುಪ್ಪ ಮುಟ್ಟುವುದಿಲ್ಲ. ಅವಳ ಪಾಲಿಗೆ ಅದು ಬೈಗುಳವಲ್ಲ, ಉಪ್ಪು ಖಾರ ಎಂದಂತೆ ಒಂದು ಹೆಸರು.

ನನಗೆ? ನನಗೆ ಮುಸುರೆ ಎಂದರೆ ನಮ್ಮಮ್ಮನ ಕೆಲಸ. ನಾನು ಶಾಲೆಗೆ ಹೋಗುತ್ತಿದ್ದಾಗ ಅಮ್ಮ ಕಾರ್ಖಾನೆಯ ಸಾಹೇಬರುಗಳ ಬಂಗಲೆಗಳಿಗೆ ಮುಸುರೆ ತಿಕ್ಕಲು ಹೋಗುತ್ತಿದ್ದಳು. ನಮ್ಮ ಬೀದಿಯಲ್ಲಿ ಅದನ್ನು ಹಾಗೆಯೇ ಹೇಳುವುದು. ರಜೆಯ ದಿನ ನಾನೂ ಜೊತೆಗೆ ಹೋಗಿ ಹಿತ್ತಿಲ ಕಲ್ಲಿನ ಮೇಲೆ ಕೂರುತ್ತಿದ್ದೆ. ಅಮ್ಮ ಪಾತ್ರೆಗಳನ್ನು ಮುಖ ಕಾಣುವ ಹಾಗೆ ಬೆಳಗಿ ಬೋರಲು ಹಾಕಿದ ಮೇಲೆ ಆ ಮನೆಯ ಅಮ್ಮನವರು ಹೊರಗೆ ಬಂದು, ಒಂದು ಚೊಂಬು ನೀರನ್ನು ಅವುಗಳ ಮೇಲೆ ಹುಯ್ದು, ಆಮೇಲೆ ಒಳಗೆ ತೆಗೆದುಕೊಂಡು ಹೋಗುತ್ತಿದ್ದರು. ತೊಳೆದದ್ದನ್ನು ಮತ್ತೆ ಯಾಕೆ ತೊಳೆಯುತ್ತಾರೆ ಎಂದು ನಾನು ಕೇಳಿದ್ದೆ. "ಅವ್ರ ಪದ್ಧತಿ" ಎಂದಳು ಅಮ್ಮ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ.

ಆ ಪದ ಈಗ ಅಮ್ಮನ ಫೋನಿಗೆ ಹೋಗಿತ್ತು. ಅವಳು ಬೇಯಿಸಿದ ಅನ್ನದ ಮೇಲೆ ಕೂತು ಹೋಗಿತ್ತು. ಕಳಿಸಿದವಳು ಮಗಳು.

ಮೈಯೆಲ್ಲ ಉರಿದುಹೋಯಿತು. "ಯಾರೇ ಇದನ್ನ ಬರ್ದಿದ್ದು?" ಎಂದು ಕೂಗಿದ್ದು ಓನರ್ ಆಂಟಿಗೂ ಕೇಳಿಸಿರಬೇಕು.

"ಯಾಕೆ? ಮುಸುರೆ ಅಲ್ವಾ ಅದು? ಅನ್ನ ತಾನೆ?" ಎಂದಳು ಹೊಳೆಹೊನ್ನೂರಿನವಳು. ನಿಜವಾಗಿಯೂ ಅರ್ಥವಾಗದೆ ಕೇಳಿದಳು. "ನನ್ನ ಅನ್ನಾನೂ ಮುಸುರೆನೇ ಕಣೇ. ನಮ್ಮನೇಲಿ ಎಲ್ಲರ ಅನ್ನಕ್ಕೂ ಹಂಗೇ ಅಂತೀವಿ."

"ನಿಮ್ಮನೇಲಿ ಅಂತೀರ. ನಮ್ಮನೇಲಿ ಅನ್ನಕ್ಕೆ ಅನ್ನ ಅಂತೀವಿ. ಮುಸುರೆ ಅಂದ್ರೆ ನಮ್ಮಮ್ಮ ತಿಕ್ತಿದ್ಲಲ್ಲ, ಅದು. ನಿಮ್ಮಂಥೋರ ಮನೆದು."

ಅವಳ ಮುಖ ಬಿಳುಚಿಕೊಂಡಿತು. ನಮ್ಮಮ್ಮ ಪಾತ್ರೆ ತೊಳೆಯಲು ಹೋಗುತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ. ಯಾಕೆ ಹೇಳಬೇಕು? ಅವಳ ತಂದೆ ಯಾವ ಮನೆಯಲ್ಲಿ ಯಾವ ಹೋಮ ಮಾಡಿಸಿದರು ಎಂದು ಅವಳು ನನಗೆ ಲೆಕ್ಕ ಒಪ್ಪಿಸುತ್ತಿದ್ದಳೇ? ಕುಂಸಿಯವಳು ನಗು ನಿಲ್ಲಿಸಿ ಲ್ಯಾಪ್‌ಟಾಪಿನ ಮೇಲೆ ಕಣ್ಣು ನೆಟ್ಟಳು.

"ಬೇಜಾರಾಗಿದ್ರೆ ಹೆಸರು ಬದ್ಲಾಯಿಸೋಣ ಮಾರಾಯ್ತಿ. ಅಡುಗೆ ಅಂತ ಹಾಕೋಣ" ಎಂದಳು ಕುಂಸಿಯವಳೇ ಮೆಲ್ಲಗೆ.

ಅಲ್ಲಿಗೆ ಬಿಡಬಹುದಿತ್ತು. ಆದರೆ ನನ್ನ ಕೈಯಲ್ಲಿ ಇನ್ನೊಂದು ಡಬ್ಬಿ ಇತ್ತು. ಮೊಟ್ಟೆ ಕೊಳಂಬು ಎಂದು ಆ್ಯಪ್‌ನಲ್ಲಿ ಬರೆದೆ. ಮೊಟ್ಟೆ ಸಾರು ಎಂದು ಬರೆದೆ. ಬರೀ ಮೊಟ್ಟೆ ಎಂದು ಬರೆದೆ. ಮೂರಕ್ಕೂ ಒಂದೇ ಉತ್ತರ ಬಂತು: ಈ ಪದಾರ್ಥ ನಮ್ಮಲ್ಲಿಲ್ಲ. ಗೊಜ್ಜಿನಲ್ಲೇ ಹತ್ತಾರು ಬಗೆ ತುಂಬಿಸಿದ್ದ ಹುಡುಗಿ, ದಿನಾ ತನ್ನ ಕಣ್ಣೆದುರಿಗೇ ಇದ್ದ ಮೊಟ್ಟೆಯನ್ನು ಎಲ್ಲೂ ಸೇರಿಸಿರಲಿಲ್ಲ.

"ಇದು ಯಾವ ವರ್ಗ?" ಎಂದೆ.

ಹೊಳೆಹೊನ್ನೂರಿನವಳು ತನ್ನ ಮೊಸರಿನ ಪಾತ್ರೆಯ ಕಡೆ ನೋಡಿ, "ಅದನ್ನ... ಹೊರಗೇ ಇಟ್ಕೋಬಹುದಲ್ವಾ" ಎಂದಳು. ನಾನು ಫ್ರಿಜ್ಜಿನ ಬಾಗಿಲನ್ನು ಮೊಣಕಾಲಿನಿಂದ ಒದ್ದ ಸದ್ದಿಗೆ ಒಳಗಿನ ಡಬ್ಬಿಗಳೆಲ್ಲ ಕುಣಿದವು.

ಆ ಭಾನುವಾರ ಅಮ್ಮ ಫೋನ್ ಮಾಡಲಿಲ್ಲ. ಮೆಸೇಜ್ ಬಂದಿದೆಯಲ್ಲ, ಇನ್ನೇಕೆ ಫೋನ್ ಎಂದು ಸುಮ್ಮನಿರಬೇಕು ಅಂದುಕೊಂಡೆ. ಓದಿರಲಾರಳು, ಓದಿದರೂ ಗಮನಿಸಿರಲಾರಳು ಎಂದೂ ಅಂದುಕೊಂಡೆ. ಮುಂದಿನ ಭಾನುವಾರ ಚೀಲ ಹಗುರವಾಗಿತ್ತು. ಬಿಚ್ಚಿದರೆ ಚಕ್ಕುಲಿ, ಚಟ್ನಿಪುಡಿ, ಒಗ್ಗರಣೆ ಹಾಕಿ ಹುರಿದ ಅವಲಕ್ಕಿ. ಫ್ರಿಜ್ಜಿಗೆ ಹೋಗಬೇಕಾದದ್ದು ಅದರಲ್ಲಿ ಏನೂ ಇರಲಿಲ್ಲ. ಅದರ ಮುಂದಿನ ವಾರವೂ ಹಾಗೆಯೇ. ಬಸ್ ಸ್ಟ್ಯಾಂಡಿನಲ್ಲೇ ನಿಂತು ಫೋನ್ ಮಾಡಿದೆ.

"ಅನ್ನ, ಸಾರು ಯಾಕಮ್ಮ ಕಳ್ಸಿಲ್ಲ?"

"ಇರ್ಲಿ ಬಿಡೇ. ಒಣಾ ತಿಂಡಿ ಆದ್ರೆ ನಿನ್ನ ರೂಮಲ್ಲೇ ಇಟ್ಕೋಬಹುದು. ಅನ್ನದ್ದು ಕಳ್ಸಿದ್ರೆ ಅಲ್ಲಿ ಅವ್ರಿಗೆಲ್ಲ ತೊಂದ್ರೆ ಆಗುತ್ತೆ."

"ಯಾರು ಹೇಳಿದ್ರು ತೊಂದ್ರೆ ಅಂತ?"

"ಬಂದಿತ್ತಲ್ಲ ಫೋನಿಗೆ" ಎಂದಳು. ಬೇಸರದ ದನಿಯಲ್ಲ, ಸಿಟ್ಟಿನ ದನಿಯಂತೂ ಅಲ್ಲವೇ ಅಲ್ಲ. ಬಂಗಲೆಯ ಹಿತ್ತಿಲಲ್ಲಿ ಕೈ ಒರೆಸಿಕೊಳ್ಳುತ್ತ ಮಾತಾಡಿದ ದನಿ. "ನೀನು ಅವ್ರ ಜೊತೆ ಹೊಂದ್ಕೊಂಡು ಹೋಗು. ಜಗಳ ಆಡ್ಬೇಡ."

ನನಗೆ ಅಳು ಬರಲಿಲ್ಲ, ಹಲ್ಲು ಕಡಿಯುವಷ್ಟು ಕೋಪ ಬಂತು. ಎಲ್ಲರ ಮೇಲೂ ಬಂತು. ಆ ಹುಡುಗಿಯ ಮೇಲೆ, ಅವಳ ಮೊಸರಿನ ಪಾತ್ರೆಯ ಮೇಲೆ, ಅಷ್ಟು ಬೇಗ ಸೋತು ಸುಮ್ಮನಾದ ಅಮ್ಮನ ಮೇಲೂ ಬಂತು. ಒಂದು ಮೆಸೇಜ್ ನೋಡಿ ತನ್ನ ಅಡುಗೆಯನ್ನೇ ಹಿಂದೆಗೆದುಕೊಂಡಳಲ್ಲ! ಆಹಾರ ಹಾಳಾಗದಿರಲಿ ಎಂದು ಮಾಡಿದ ಆ್ಯಪ್ ಮೊದಲ ವಾರವೇ ಒಬ್ಬ ಹೆಂಗಸು ಅಡುಗೆ ಕಳಿಸುವುದನ್ನು ನಿಲ್ಲಿಸಿತ್ತು. ಇಂಗ್ಲಿಷಲ್ಲಿ ಮಾಡಿ ಎಂದಿದ್ದ ಸರ್ ಮಾತನ್ನೇ ಕೇಳಿದ್ದರೆ ಅಮ್ಮನಿಗೆ ಅದು ಅರ್ಥವೇ ಆಗುತ್ತಿರಲಿಲ್ಲ. ಕೊಳಂಬು ಬರುತ್ತಲೇ ಇರುತ್ತಿತ್ತು.

ಅಮ್ಮ ಫೋನಿನಲ್ಲಿ ಹಾಗೆಂದ ಮಾರನೆಯ ದಿನವೇ ಮೂವರೂ ಕೂತು ಆ ಪದ ತೆಗೆಯಲು ಒಪ್ಪಿದೆವು. ಹೊಳೆಹೊನ್ನೂರಿನವಳು ಒಂದು ಮಾತೂ ಎದುರಾಡಲಿಲ್ಲ. ಮೊಟ್ಟೆಯನ್ನು ಸೇರಿಸುವ ಮಾತು ಬಂದಾಗ ಮಾತ್ರ "ನೋಡೋಣ" ಎಂದಳು. ಆದರೆ ಅಷ್ಟರಲ್ಲಿ ಆ್ಯಪ್ ಸರ್ ಫೋನಿನಲ್ಲಿ ಕೂತಾಗಿತ್ತು, ಅವರ ಕಣ್ಣಿಗೆ ಆ ಪದ ಬಿದ್ದಾಗಿತ್ತು. ಪದ ತೆಗೆಯುತ್ತೇವೆ ಎಂದು ಹೇಳಲು ಸ್ಟಾಫ್ ರೂಮಿಗೆ ಹೋದರೆ ಅವರು ಕುರ್ಚಿಯಲ್ಲೇ ಮುಂದೆ ಬಾಗಿದರು.

"ತೆಗೀತೀರಾ? ಹುಚ್ಚಾ ನಿಮ್ಗೆ? ಎಕ್ಸ್‌ಪೈರಿ ಡೇಟ್ ತೋರ್ಸೋ ಆ್ಯಪ್ ಯಾರು ಬೇಕಾದ್ರೂ ಮಾಡ್ತಾರೆ. ಮುಸುರೆ ಬೇರೆ, ಹಾಲು ಬೇರೆ ಅಂತ ಹೇಳೋ ಆ್ಯಪ್ ಎಲ್ಲಿದೆ? ಬ್ಯಾಕ್ಟೀರಿಯಾ ಅಂದ್ರೇನು ಅಂತ ಗೊತ್ತಿಲ್ದೇ ಇದ್ದಾಗ್ಲೇ ನಮ್ಮ ಹಿರಿಯರು ಬ್ಯಾಕ್ಟೀರಿಯಾ ತಡೆದಿದ್ರು ನೋಡಿ. ಪ್ರದರ್ಶನಕ್ಕೆ ಇದೇ ನಮ್ಮ ಹೈಲೈಟ್."

"ಅಡುಗೆ ಅಂತ ಇರ್ಲಿ ಸರ್. ಬೇರೆ ಇಡೋದು ಬೇರೆ ಇಡ್ಲಿ, ಆ ಪದ ಬೇಡ" ಎಂದೆ.

"ಅಡುಗೆ ಅಂದ್ರೆ ಏನಿದೆ ಅದ್ರಲ್ಲಿ? ಪಾಯಿಂಟ್ ಇರೋದೇ ಆ ಪದದಲ್ಲಿ."

"ನಮ್ಮಮ್ಮ ಮುಸುರೆ ತಿಕ್ಕೋಕೆ ಹೋಗ್ತಿದ್ರು ಸರ್." ಜೀವನದಲ್ಲಿ ಮೊದಲ ಸಲ ಆ ಮಾತನ್ನು ಕಾಲೇಜಿನೊಳಗೆ ಆಡಿದೆ. ಪಕ್ಕದ ಮೇಜಿನ ಮೇಡಂ ಪೇಪರ್ ತಿದ್ದುವುದನ್ನು ನಿಲ್ಲಿಸಿದರು.

ಸರ್ ಮಕ್ಕಳನ್ನು ಸಮಾಧಾನ ಮಾಡುವ ಹಾಗೆ ನಕ್ಕರು. "ಛೆ ಛೆ, ಅದನ್ನೆಲ್ಲ ಪರ್ಸನಲ್ ಆಗಿ ತಗೋಬಾರ್ದಮ್ಮಾ. ಪದ ಅಷ್ಟೇ ಅಲ್ವಾ?"

ಇದನ್ನು ನೆನೆದರೆ ಈಗಲೂ ನನ್ನ ತಲೆ ಬಿಸಿಯಾಗುತ್ತದೆ. ಒಂದು ನಿಮಿಷದ ಹಿಂದೆ ಪಾಯಿಂಟ್ ಇದ್ದದ್ದೇ ಆ ಪದದಲ್ಲಿ. ನಮ್ಮಮ್ಮನ ಮಾತು ಬಂದ ಕೂಡಲೇ ಅದು 'ಪದ ಅಷ್ಟೇ'. ತಮಗೆ ಬೇಕಾದಾಗ ಅದರಲ್ಲಿ ಹಿರಿಯರ ಸೈನ್ಸ್ ಎಲ್ಲ ಅಡಗಿರಬೇಕು, ನಮಗೆ ಚುಚ್ಚಿದಾಗ ಅದರಲ್ಲಿ ಏನೂ ಇರಬಾರದು! ಹಾಲನ್ನೂ ಸಾರನ್ನೂ ಬೇರೆ ಬೇರೆ ಇಟ್ಟರೆ ಒಳ್ಳೆಯದು ಎಂದು ನನಗೂ ಗೊತ್ತು ಮಾರಾಯರೇ. ನಮ್ಮ ಮನೆಯಲ್ಲೂ ಹಾಲಿಗೆ ಬೇರೆ ಪಾತ್ರೆ, ಬೇರೆ ಸೌಟು ಇದೆ. ಅದಕ್ಕೆ ನಾವು ಯಾರ ಅನ್ನಕ್ಕೂ ಹೆಸರಿಡಲು ಹೋಗಿಲ್ಲ.

ಪದ ಉಳಿಯಿತು. ಮಾರ್ಕ್ಸ್ ಸರ್ ಕೈಯಲ್ಲಿತ್ತು, ಮೂವರ ಮಾರ್ಕ್ಸೂ. ಕುಂಸಿಯವಳು ಕೈ ಮುಗಿಯುವುದೊಂದು ಬಾಕಿ. "ಪಾಸಾಗಿ ಹೋಗೋಣ ಕಣೇ, ಆಮೇಲೆ ಏನಾದ್ರೂ ಮಾಡ್ಕೋ" ಎಂದಳು. ನಾನು ಬಾಯಿ ಮುಚ್ಚಿಕೊಂಡೆ. ಆದರೆ ಪ್ರದರ್ಶನದ ಹಿಂದಿನ ದಿನ ಭದ್ರಾವತಿಯ ಬಸ್ ಹತ್ತಿದೆ.

ಅಮ್ಮ ಬಾಗಿಲಲ್ಲೇ ಕೇಳಿದಳು, "ಏನೇ, ಹೇಳ್ದೆ ಕೇಳ್ದೆ?"

"ಕೊಳಂಬು ಮಾಡ್ಕೊಡು. ಬೆಳಿಗ್ಗೆ ತಗೊಂಡು ಹೋಗ್ತೀನಿ. ನನ್ನ ಪ್ರಾಜೆಕ್ಟ್‌ಗೆ ಬೇಕು."

ಪ್ರಾಜೆಕ್ಟಿಗೆ ಕೊಳಂಬು ಯಾಕೆ ಎಂದು ಅವಳು ಕೇಳಲಿಲ್ಲ. ಮುಖ ಅರಳಿತು, ಅದನ್ನು ಮುಚ್ಚಿಕೊಳ್ಳಲು ಈರುಳ್ಳಿ ಬುಟ್ಟಿಗೆ ಕೈ ಹಾಕಿದಳು. ಬೆಳಿಗ್ಗೆ ಪಕ್ಕದ ಮನೆಯ ಅಕ್ಕನನ್ನೂ ಕರೆದು ರುಚಿ ತೋರಿಸಿದಳು. ಮಗಳ ಕಾಲೇಜಿನಲ್ಲಿ ದೊಡ್ಡವರೆಲ್ಲ ನೋಡುತ್ತಾರಂತೆ ಎಂದು ಅರ್ಧ ತಮಿಳಿನಲ್ಲಿ ಹೇಳಿಕೊಂಡಳು. ಇದ್ದುದರಲ್ಲಿ ಹೊಸ ಡಬ್ಬಿ ಹುಡುಕಿ ತುಂಬಿ, ದಾರ ಕಟ್ಟುವಾಗ ತಲೆ ಎತ್ತದೆ ಕೇಳಿದಳು, "ಎಲ್ಲಿಡ್ತಾರೆ ಇದನ್ನ?"

"ಮೇಲೆ" ಎಂದೆ. "ಮೆಸೇಜ್ ಬರುತ್ತೆ, ನೋಡು."

ಪ್ರದರ್ಶನ ಕಾಲೇಜಿನ ಹಾಲ್‌ನಲ್ಲಿತ್ತು. ನಮ್ಮ ಮೇಜಿನ ಪಕ್ಕ ಕ್ಯಾಂಟೀನಿನಿಂದ ತಂದಿಟ್ಟ ಸಣ್ಣ ಫ್ರಿಜ್. ಅದರ ಮೇಲೆ ಸರ್ ಬರೆಸಿದ ದೊಡ್ಡ ಬೋರ್ಡು: ಸಂಪ್ರದಾಯಕ್ಕೆ ತಂತ್ರಜ್ಞಾನದ ಸ್ಪರ್ಶ. ಹೊರಗಿನಿಂದ ಬಂದ ಇಬ್ಬರು ತೀರ್ಪುಗಾರರು ಎದುರಿಗೆ ನಿಂತರು. ಸರ್ ಮುಸುರೆಯ ಸೈನ್ಸ್ ಹೇಳಿದರು, ಅವರು ತಲೆದೂಗಿದರು. ಹೊಳೆಹೊನ್ನೂರಿನವಳು ಹಾಲು, ಮೊಸರು ಮೇಲಿನ ಶೆಲ್ಫಿನಲ್ಲಿಟ್ಟು ತೋರಿಸಿದಳು. ಆಮೇಲೆ ನನ್ನ ಸರದಿ. ಕಾಲೇಜು ಹಾಸ್ಟೆಲಿನಿಂದ ತಂದ ಚಿತ್ರಾನ್ನವನ್ನು ನಾನು ಕೆಳಗಿಡಬೇಕೆಂದು ನಿಗದಿಯಾಗಿತ್ತು. ನಾನು ಚಿತ್ರಾನ್ನ ಬಿಟ್ಟು ಅಮ್ಮನ ಡಬ್ಬಿಯ ದಾರ ಬಿಚ್ಚಿದೆ. ಹುಣಸೆ, ಈರುಳ್ಳಿಯ ಘಮ ಮೇಜಿನ ಸುತ್ತ ಹರಡಿತು. ದೊಡ್ಡ ಪರದೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ 'ಮೊಟ್ಟೆ ಕೊಳಂಬು' ಎಂದು ಬರೆದು ಒತ್ತಿದೆ.

ಈ ಪದಾರ್ಥ ನಮ್ಮಲ್ಲಿಲ್ಲ.

"ಅದು ಬೇಡ ಬಿಡಮ್ಮಾ, ಚಿತ್ರಾನ್ನ ತೋರ್ಸು" ಎಂದರು ಸರ್, ತುಟಿಯಲ್ಲಿ ನಗು ಉಳಿಸಿಕೊಂಡೇ.

"ಇದು ನನ್ನ ಬುತ್ತಿ ಸರ್. ನಮ್ಮಮ್ಮ ಕಳ್ಸಿದ್ದು. ಇದನ್ನ ಎಲ್ಲಿಡ್ಲಿ?"

ತೀರ್ಪುಗಾರರಲ್ಲಿ ಒಬ್ಬರು ಕನ್ನಡಕ ಸರಿಪಡಿಸಿಕೊಂಡು, "ಮಾಹಿತಿ ಸೇರಿಸೋವಾಗ ಮರ್ತುಹೋಗಿರ್ಬೇಕು" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹಾಗೆಂದಿರಬೇಕು. ಆಗ ಹೊಳೆಹೊನ್ನೂರಿನವಳು ನನ್ನ ಪಕ್ಕಕ್ಕೆ ಬಂದು ನಿಂತಳು. ಕತ್ತು ಕೆಂಪಾಗಿತ್ತು.

"ಮಾಹಿತಿ ಸೇರಿಸಿದ್ದು ನಾನು ಸರ್. ಮರ್ತಿದ್ದಲ್ಲ, ಬಿಟ್ಟಿದ್ದು."

ಅವಳ ಮೇಲಿನ ನನ್ನ ಸಿಟ್ಟು ಅವತ್ತು ಅರ್ಧಕ್ಕರ್ಧ ಇಳಿಯಿತು. ಪೂರ್ತಿ ಇಳಿಯಿತು ಎಂದರೆ ಸುಳ್ಳಾಗುತ್ತದೆ. ಆದರೆ ಅಷ್ಟು ದೊಡ್ಡ ಹಾಲ್‌ನಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ಸರ್ ತಕ್ಷಣ ನಡುವೆ ಬಂದು, ಮುಂದಿನ ವರ್ಷನ್‌ನಲ್ಲಿ ಎಲ್ಲ ಸೇರಿಸುತ್ತಾರೆ, ಹುಡುಗಿಯರು ಸ್ವಲ್ಪ ಎಮೋಷನಲ್ ಎಂದು ತೇಲಿಸಿ, ಬಂದವರನ್ನು ಮುಂದಿನ ಮೇಜಿಗೆ ಕರೆದುಕೊಂಡು ಹೋದರು. ಸಂಜೆ ನಮಗೆ ಎರಡನೇ ಬಹುಮಾನ ಬಂತು. ಸಂಪ್ರದಾಯದ ಅರಿವನ್ನು ಹೊಸ ತಲೆಮಾರಿಗೆ ತಲುಪಿಸಿದ್ದಕ್ಕಂತೆ. ವೇದಿಕೆಗೆ ನಾನು ಹೋಗಲಿಲ್ಲ. ಕುಂಸಿಯವಳು ಹೋಗಿ ತಟ್ಟೆಯಂಥ ಫಲಕವೊಂದನ್ನು ಹಿಡಿದುಕೊಂಡು ಬಂದಳು.

ಮನೆಗೆ ಬರುವಷ್ಟರಲ್ಲಿ ಅಮ್ಮನ ಫೋನ್. "ಮೆಸೇಜ್ ಬರ್ಲಿಲ್ಲ ಕಣೇ. ಬೆಳಿಗ್ಗಿಂದ ನೋಡ್ತಾನೇ ಇದ್ದೀನಿ. ಕೆಟ್ಟೋಯ್ತಾ?"

ನಮ್ಮಲ್ಲಿಲ್ಲದ ಪದಾರ್ಥಕ್ಕೆ ಮೆಸೇಜ್ ಹೋಗುವುದಿಲ್ಲ. ನಾನು ಆ ವಿಶೇಷವನ್ನು ವಿನ್ಯಾಸ ಮಾಡುವಾಗ ಇದನ್ನು ಯೋಚಿಸಿಯೇ ಇರಲಿಲ್ಲ. ನೆಟ್‌ವರ್ಕ್ ಇರಲಿಲ್ಲ, ಕೊಳಂಬು ಚೆನ್ನಾಗಿದೆ, ಎಲ್ಲರೂ ಹೊಗಳಿದರು ಎಂದು ಹೇಳಿದೆ. "ಎಲ್ರೂ ತಿಂದ್ರಾ?" ಎಂದಳು. ತಿಂದರು ಎಂದೆ. ಕುಂಸಿಯವಳು ನಿಜಕ್ಕೂ ತಟ್ಟೆ ನೆಕ್ಕುವ ಹಾಗೆ ತಿಂದಳು. ಉಳಿದದ್ದನ್ನು ಕವರ್ ಸುತ್ತದೆ ಮೇಲಿನ ಶೆಲ್ಫಿನಲ್ಲಿ, ಮೊಸರಿನ ಪಕ್ಕದಲ್ಲೇ ಇಟ್ಟೆ. ಬೆಳಿಗ್ಗೆ ನೋಡಿದರೆ ಮೊಸರಿನ ಪಾತ್ರೆ ಇಟ್ಟಲ್ಲೇ ಇತ್ತು, ಆದರೆ ಹೊಳೆಹೊನ್ನೂರಿನವಳು ಆ ವಾರ ಮೊಸರು ತಿನ್ನಲಿಲ್ಲ.

ಓದು ಮುಗಿಯಿತು. ಆ್ಯಪ್ ಸರ್‌ನ ಮುಂದಿನ ಗುಂಪಿನ ಕೈಗೆ ಹೋಯಿತು, ಮುಂದೇನಾಯಿತೋ ಕೇಳಿಲ್ಲ. ನನ್ನ ಫೋನಿನಿಂದ ಅದನ್ನು, ಅಮ್ಮನ ಫೋನಿನಿಂದ ಆ ಮೆಸೇಜನ್ನು ನಾನೇ ಅಳಿಸಿದೆ. ಈಗ ನಾನು ಶಿವಮೊಗ್ಗದಲ್ಲೇ ಅಂಗಡಿಗಳಿಗೆ, ಆಸ್ಪತ್ರೆಗಳಿಗೆ ಪರದೆ ವಿನ್ಯಾಸ ಮಾಡಿಕೊಡುವ ಕೆಲಸದಲ್ಲಿದ್ದೇನೆ. ಗೋಪಾಳದಲ್ಲಿ ಒಂದು ಸಣ್ಣ ಮನೆ, ಒಬ್ಬಳೇ. ಕಂತಿನ ಮೇಲೆ ಒಂದು ಹೊಸ ಫ್ರಿಜ್ ತಂದಿದ್ದೇನೆ, ಬೆರಳು ತಾಗಿಸಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಅದನ್ನು ನೋಡಲೆಂದೇ ಅಮ್ಮ ಕಳೆದ ತಿಂಗಳು ಬಂದಿದ್ದಳು. ಚೀಲ ಇಳಿಸಿ, ಫ್ರಿಜ್ಜಿನ ಬಾಗಿಲು ತೆರೆದು, ತಣ್ಣನೆ ಗಾಳಿಗೆ ಮುಖ ಒಡ್ಡಿ ನಕ್ಕಳು. ಒಳಗೆ ಮೇಲಿನ ಶೆಲ್ಫಿನಲ್ಲಿ ಒಂದು ಹಾಲಿನ ಪ್ಯಾಕೆಟ್ ಬಿಟ್ಟರೆ ಎಲ್ಲ ಖಾಲಿ. ಅವಳು ಚೀಲದಿಂದ ಕೊಳಂಬಿನ ಡಬ್ಬಿ ತೆಗೆದಳು. ಅದಕ್ಕೆ ಕವರ್ ಸುತ್ತಿತ್ತು, ಕವರ್ ಮೇಲೆ ಇನ್ನೊಂದು ಕವರ್. ಸೊಂಟ ಹಿಡಿದುಕೊಂಡು ಬಗ್ಗಿ, ಅದನ್ನು ಕೆಳಗಿನ ಶೆಲ್ಫಿನ ಮೂಲೆಗೆ ತಳ್ಳಿದಳು.

"ಮೇಲಿಡಮ್ಮ."

"ಹಾಲಿದೆಯಲ್ಲೇ ಅಲ್ಲಿ."

"ಅದು ನನ್ನ ಹಾಲು. ಇದು ನನ್ನ ಫ್ರಿಜ್. ಇಲ್ಲಿ ಬೇರೆ ಯಾರಿದ್ದಾರೆ?" ಎಂದು ರೇಗಿದೆ. ಡಬ್ಬಿಯನ್ನು ಎತ್ತಿಕೊಂಡು, ಕವರುಗಳನ್ನು ಹರಿದು ಹಾಕಿ, ಹಾಲಿನ ಪ್ಯಾಕೆಟ್ಟಿಗೆ ಒತ್ತಿ ಇಟ್ಟೆ.

ನಾನು ಬಾಗಿಲು ಮುಚ್ಚುವವರೆಗೂ ಅಮ್ಮ ಆ ಡಬ್ಬಿಯನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಹತ್ತಿರ ಸರಿದು, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎನ್ನುವ ಹಾಗೆ ದನಿ ತಗ್ಗಿಸಿ ಕೇಳಿದಳು.

"ಈ ಫ್ರಿಜ್ಜಿಂದಾನೂ ಮೆಸೇಜ್ ಬರುತ್ತಾ?"

ಬರಲ್ಲಮ್ಮ ಎಂದೆ. ಆಮೇಲೇ ಅವಳು ಕೈಕಾಲು ತೊಳೆದುಕೊಂಡು ಬಂದು ಕೂತದ್ದು.